ಈ ವರ್ಷ ಹಕ್ಕಿ ಮುಂಚೆ ಬರಲ್ಲ

“ಅಲುಗಾಡಬೇಡಿ ಮೇಷ್ಟ್ರೇ, ಸೂಜಿ ಚುಚ್ಚಿಬಿಡುತ್ತೆ,” ಎಂದಳು ದರ್ಜಿಯ ಹೆಂಡತಿ.

ಒಳಕೋಣೆಯಲ್ಲಿ ಗಂಡ ಪೆಟ್ಟಿಗೆಯೊಳಗೆ ಮಲಗಿ ಹೊರಡಲು ಸಿದ್ಧನಾಗಿದ್ದ. ಆದರೆ ಪಕ್ಕದ ಮನೆ ಮೇಷ್ಟ್ರ ಕೋಟಿನ ಗುಂಡಿ ಕಿತ್ತುಹೋಗಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ದರ್ಜಿಯನ್ನು ಮಣ್ಣು ಮಾಡಲು ಗುಂಡಿಯಿಲ್ಲದ ಕೋಟು ಬಂದರೆ ಅಂಗಡಿಯ ಮಾನ ಏನಾಗಬೇಕು? ನಿವೃತ್ತ ಭೂಗೋಳ ಮೇಷ್ಟ್ರು ಕಂಕುಳಲ್ಲಿ ದಪ್ಪ ರಿಜಿಸ್ಟರ್ ಇಟ್ಟುಕೊಂಡು ನಿಂತರು. ಪ್ರತಿ ವಸಂತದಲ್ಲಿ ವಲಸೆ ಬರುವ ಉಲಿಯಕ್ಕಿ ಎಂಬ ಪುಟ್ಟ ಹಕ್ಕಿಯ ಮೊದಲ ಹಾಡು ಯಾವತ್ತು ಕೇಳಿಸಿತೆಂಬ ದಾಖಲೆ ಅದು. ಹನ್ನೊಂದು ವರ್ಷದಿಂದ ಹಕ್ಕಿ ಎಲ್ಲ ಕಡೆಗಿಂತ ಕನಿಷ್ಠ ಎರಡು ವಾರ ಮೊದಲೇ ಮೇಷ್ಟ್ರ ಹಿತ್ತಿಲಿಗೆ ಬರುತ್ತಿತ್ತು, ಪತ್ರಿಕೆಯಲ್ಲಿ ಅವರ ಹೆಸರು ಬರುತ್ತಿತ್ತು. ರಿಜಿಸ್ಟರಿನ ‘ಕೇಳಿದವರು’ ಎಂಬ ಅಂಕಣದಲ್ಲಿ ಪ್ರತಿ ವರ್ಷ ಒಂದೇ ಪದ: ‘ನಾನು’.

“ಹೂಳೋ ಮುಂಚೆ ಇದರಿಂದ ನಾಲ್ಕು ಸಾಲು ಓದ್ತೀನಮ್ಮ. ಊರೆಲ್ಲ ನಕ್ಕಾಗ ನನ್ನ ನಂಬಿದವನು ಅವನೊಬ್ಬನೇ.”

ಸೂಜಿ ನಿಂತಿತು. “ನಂಬದೆ ಏನ್ಮಾಡ್ತಾರೆ ಮೇಷ್ಟ್ರೇ? ಆ ಹಕ್ಕಿ ಇವರೇ.”

“ಏನಂದ್ರಿ?”

“ಗೋಡೆ ಹಿಂದೆ ಕೂತು ಶಿಳ್ಳೆ ಹೊಡೀತಿದ್ರು. ಕೊನೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ದೂ ಅದೇ. ‘ಈ ವರ್ಷ ಹಕ್ಕಿ ಮುಂಚೆ ಬರಲ್ಲ ಅಂತ ಮೇಷ್ಟ್ರಿಗೆ ಹೇಳ್ಬಿಡು, ಪಾಪ, ಕಾದು ಕೂರ್ತಾರೆ’ ಅಂತ.”

ಮೇಷ್ಟ್ರು ಹಿಂದೆ ಸರಿಯಲು ನೋಡಿದರು. ದಾರ ಬಿಡಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಚಳಿಗಾಲದಲ್ಲಿ, ಮೇಷ್ಟ್ರ ಹೆಂಡತಿ ತೀರಿಕೊಂಡಿದ್ದರು. ಕಿಟಕಿ ಮುಚ್ಚಿ ಮಲಗಿದ ಮೇಷ್ಟ್ರು ಏಳಲೇ ಇಲ್ಲ. ದರ್ಜಿ ಊಟ ತಂದಿಟ್ಟ, ಬೈದ, ಕೈಮುಗಿದ.

“ಹಕ್ಕಿ ಬರ್ಲಿ, ಏಳ್ತೀನಿ,” ಎಂದರು ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ.

ಹಕ್ಕಿ ಬರಲು ಇನ್ನೂ ಹತ್ತಿರ ಹತ್ತಿರ ಮೂರು ವಾರವಿತ್ತು. ಅಷ್ಟರಲ್ಲಿ ಮೇಷ್ಟ್ರೇ ಹಾರಿಹೋಗುವ ಲಕ್ಷಣ ಕಾಣುತ್ತಿತ್ತು.

ವರ್ಷಗಟ್ಟಲೆ ದಾರ ಕಚ್ಚಿ ಕಚ್ಚಿ ದರ್ಜಿಯ ಮುಂದಿನ ಹಲ್ಲಿನಲ್ಲಿ ಸಣ್ಣ ಸಂದಿಯಾಗಿತ್ತು. ಮರುದಿನ ಬೆಳಗ್ಗೆ ಅವನು ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಆ ಸಂದಿಯಿಂದ ಉಲಿಯಕ್ಕಿಯ ಹಾಗೆ ಶಿಳ್ಳೆ ಊದಿದ: ಎರಡು ಉದ್ದ, ಮೂರು ಗಿಡ್ಡ, ಕೊನೆಗೊಂದು ಕುಲುಕು. ಕಿಟಕಿ ಧಡಾರನೆ ತೆರೆಯಿತು.

“ಬಂತೋ! ಹದಿನೆಂಟು ದಿನ ಮೊದ್ಲೇ ಬಂತೋ!” ಮೇಷ್ಟ್ರು ಬರಿಗಾಲಲ್ಲೇ ಅಂಗಳಕ್ಕೆ ಓಡಿಬಂದರು.

ದರ್ಜಿ ನಿಜ ಹೇಳಲು ಬಾಯಿ ತೆರೆದ. ಆ ಮುಖ ನೋಡಿ ಮುಚ್ಚಿಕೊಂಡ. ಅಲ್ಲಿಂದ ಹುಲಿಯ ಮೇಲೆ ಸವಾರಿ ಮಾಡಿದವನ ಪಾಡಾಯಿತು ಅವನದು. ಪ್ರತಿ ವರ್ಷ ಇಳಿಯಬೇಕೆನ್ನುತ್ತಿದ್ದ, ಇಳಿಯಲಾಗುತ್ತಿರಲಿಲ್ಲ.

*

ಸ್ಮಶಾನಕ್ಕೆ ಹೋಗುವ ವ್ಯಾನಿನಲ್ಲಿ ಮೇಷ್ಟ್ರು ಪುಟ ತಿರುವುತ್ತ ಕುದಿಯುತ್ತಿದ್ದರು.

“ಆರನೇ ವರ್ಷ ನೋಡ್ರೀ. ‘ಹಕ್ಕಿಗೆ ಗಂಟಲು ಕಟ್ಟಿದಂತಿದೆ, ಹವಾಮಾನ ಕಾರಣ.’ ಪೇಪರಲ್ಲೂ ಬಂತಲ್ರೀ ಇದು!”

“ಆ ವರ್ಷ ಭಾವ ಡಾಕ್ಟ್ರ ಹತ್ರ ಹಲ್ಲಿನ ಸಂದಿ ಮುಚ್ಚಿಸ್ಕೊಂಡಿದ್ರು,” ಎಂದ ದರ್ಜಿಯ ಭಾವಮೈದುನ, ನಗು ನುಂಗಿಕೊಂಡು. “ಶಿಳ್ಳೆ ಸರಿಯಾಗ್ಲಿಲ್ಲ ಅಂತ ಮತ್ತೆ ತೆಗೆಸಿದ್ರು.”

“ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಿದ!”

ಸಿಟ್ಟು ತೀರಿಸಿಕೊಳ್ಳೋಣವೆಂದರೆ ಆಸಾಮಿ ಪೆಟ್ಟಿಗೆಯಲ್ಲಿ ನೆಮ್ಮದಿಯಾಗಿ ಮಲಗಿದ್ದ. ಮೇಷ್ಟ್ರು ಕೆಂಪು ಪೆನ್ನು ತೆಗೆದು ಕಳೆದ ವರ್ಷದಿಂದ ಹಿಂದಕ್ಕೆ ಒಂದೊಂದೇ ಸಾಲು ಹೊಡೆದುಹಾಕುತ್ತ ಬಂದರು. ಹೂಳುವ ಗುಂಡಿಯ ಹತ್ತಿರ ತಲುಪಿದಾಗ ಆ ಹನ್ನೊಂದರಲ್ಲಿ ಮೊದಲ ವರ್ಷದ್ದೊಂದೇ ಉಳಿದಿತ್ತು. ಪೆನ್ನು ಅದರ ಮೇಲೆ ನಿಂತೇ ಇತ್ತು, ಕೈ ಮುಂದೆ ಹೋಗಲಿಲ್ಲ.

ಹಗ್ಗ ಹಿಡಿದವರು ಪೆಟ್ಟಿಗೆಯನ್ನು ಇಳಿಸತೊಡಗಿದರು. ಆಗ ಕೇಳಿಸಿತು. ಎರಡು ಉದ್ದ, ಮೂರು ಗಿಡ್ಡ, ಕೊನೆಗೊಂದು ಕುಲುಕು.

ಎಲ್ಲರೂ ಬೆಚ್ಚಿ ಪೆಟ್ಟಿಗೆಯನ್ನೇ ನೋಡಿದರು. ಹಗ್ಗ ಅರ್ಧಕ್ಕೆ ನಿಂತಿತು.

“ರೀ…” ಎಂದಳು ಹೆಂಡತಿ.

“ಸಾಕು ಮಾಡೋ ಮಾರಾಯ!” ಮೇಷ್ಟ್ರು ಗುಂಡಿಯೊಳಕ್ಕೆ ಬಗ್ಗಿ ಗದರಿದರು.

ಗುಂಡಿ ತೋಡಿದವನು ಸಲಿಕೆ ಎತ್ತಿ ಮರ ತೋರಿಸಿದ. “ಕೆಳಗೇನ್ ನೋಡ್ತೀರಿ ಸ್ವಾಮಿ? ಮೇಲಿದೆ, ಆ ಕೊಂಬೆ ಮೇಲೆ.”

ಬೆರಳುದ್ದದ ಉಲಿಯಕ್ಕಿ ಕೊರಳುಬ್ಬಿಸಿ ಇನ್ನೊಮ್ಮೆ ಹಾಡಿತು. ಮೇಷ್ಟ್ರು ಬೆರಳು ಮಡಚಿ ದಿನ ಎಣಿಸಿದರು. ಹತ್ತೊಂಬತ್ತು ದಿನ ಮೊದಲು. ಅಷ್ಟು ಮುಂಚೆ ಬರುವ ಧೈರ್ಯ ದರ್ಜಿಗೂ ಆಗಿರಲಿಲ್ಲ. ಅವರಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಕೆಂಪು ಪೆನ್ನು ಜೇಬಿಗಿಟ್ಟು ಭಾವಮೈದುನನ ಹತ್ತಿರ ನೀಲಿಯದು ಕೇಳಿ ತೆಗೆದುಕೊಂಡರು. ಹೊಸ ಸಾಲಿನಲ್ಲಿ ತಾರೀಖು ಬರೆದರು. ‘ಕೇಳಿದವರು’ ಅಂಕಣಕ್ಕೆ ಬಂದಾಗ ಇಳಿಯುತ್ತಿದ್ದ ಪೆಟ್ಟಿಗೆಯನ್ನೊಮ್ಮೆ ನೋಡಿ, ದುಂಡಗೆ ಬರೆದರು: ‘ನಾವಿಬ್ಬರು.’