ವಿ ಅಂದ್ರೆ ಎಂತ

ವೀಸಾ ಕೊಟ್ಟ ಅರಬ್ ಧಣಿ, ಅಂದರೆ ಕಫೀಲ್, ಮಧ್ಯಾಹ್ನ ಅವಳ ಸಾಫ್ಟ್‌ವೇರಿನ ಡೆಮೊ ನೋಡಿ ಒಪ್ಪಿದರೆ ಮಸ್ಕತ್ತಿನಲ್ಲಿ ಸುಹೈಲಾಳ ಕೆಲಸ ಕಾಯಂ, ಇಲ್ಲದಿದ್ದರೆ ಉಪ್ಪಿನಂಗಡಿಗೆ ವಾಪಸ್. ಅದರ ಡೇಟಾಬೇಸ್, ಸಂದೇಶಗಳ ಕ್ಯೂ, ಕ್ಯಾಶ್ ಮೆಮೊರಿ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿನಲ್ಲೇ ಒಂದೊಂದು ಕಂಟೇನರಿನಲ್ಲಿ, ಅಂದರೆ ಬೇರೆಬೇರೆ ಸಾಫ್ಟ್‌ವೇರ್ ಡಬ್ಬಿಯಲ್ಲಿ, ಕೂರಿಸಿ, ರುಸೈಲ್ ಕಾರ್ಖಾನೆಯ ಸರಕಿನ ಮಾಹಿತಿಯನ್ನು ಡೇಟಾಬೇಸಿಗೆ ಕೈಯಾರೆ ತುಂಬಿಸಿದ್ದಳು. ಬೆಳಿಗ್ಗೆ ನೋಡಿದರೆ ಕ್ಯೂ ಮಾತ್ರ ಮುಷ್ಕರ ಹೂಡಿ ಕೂತಿತ್ತು.

“ನಂದನ್ ಸರ್, ಎಲ್ಲ ಒಮ್ಮೆ ನಿಲ್ಲಿಸಿ ಪುನಃ ಶುರು ಮಾಡ್ಲಿಕ್ಕೆ ಎಂತ ಹೊಡಿಬೇಕು?”

ಮೈಸೂರಿನ ನಂದನ್ ಅವಳ ಸೀನಿಯರ್. ಹೋದ ವಾರ ಕಫೀಲನ ಎದುರೇ ಅವಳು ಅವನ ತಪ್ಪೊಂದನ್ನು ತಿದ್ದಿದ್ದಳು.

“‘ಡೌನ್’ ಹೊಡಿಯಮ್ಮ. ಕೊನೇಲಿ ಒಂದು ‘ವಿ’ ಸೇರಿಸು.”

“ವಿ ಅಂದ್ರೆ ಎಂತ ಸರ್?”

“ವಿನಯ,” ಅಂದ. ಸುತ್ತ ಕೂತವರು ನಕ್ಕರು. ಅವಳೂ ನಕ್ಕು, ಹೇಳಿದಂತೆಯೇ ಹೊಡೆದು, ಮತ್ತೆ ಶುರು ಮಾಡಿದಳು.

ಕಂಟೇನರುಗಳು ಎದ್ದವು, ಕ್ಯೂ ಕೂಡ ಎದ್ದಿತು. ಡೇಟಾಬೇಸ್ ಮಾತ್ರ ತೊಳೆದು ಬೋರಲು ಹಾಕಿದ ಪಾತ್ರೆಯಂತೆ ಖಾಲಿ. ಆ ‘ವಿ’ ಕಂಟೇನರುಗಳು ಕೂಡಿಟ್ಟಿದ್ದನ್ನೆಲ್ಲ ಅಳಿಸಿಬಿಡುತ್ತದೆಂದು, ಅವಳೊಬ್ಬಳನ್ನು ಬಿಟ್ಟು, ನಕ್ಕವರಿಗೆಲ್ಲ ಗೊತ್ತಿತ್ತು.

ಕಫೀಲ್ ಬಂದ, ಖಾಲಿ ಪರದೆ ನೋಡಿದ, “ಖಲಾಸ್” ಅಂದು ಎದ್ದುಹೋದ.

ಅವಳು ಲ್ಯಾಪ್‌ಟಾಪ್ ಮುಚ್ಚುವಾಗ ನಂದನ್ ಚಹಾ ತಂದಿಟ್ಟ. “ಹೇಳೋಕೆ ಮರ್ತಿದ್ದೆ ಕಣಮ್ಮ. ವಿ ಅಂದ್ರೆ ವಿಮಾನ ಅಂತಾನೂ ಆಗುತ್ತೆ.”