ಏಳು ದಿನದ ನಿಯಮ

"ಏನಯ್ಯಾ, ಬೆಳಗ್ಗಿಂದ ಫೋನ್ ಮೇಲೆ ಕಾವಿಗೆ ಕೂತಿದ್ದೀಯ? ಮರಿ ಏನಾದ್ರೂ ಹೊರಗೆ ಬರುತ್ತಾ?" ಎಂದು ಕನ್ನಡಕದ ಅಂಗಡಿಯ ಯಜಮಾನರು ಕೇಳಿದರು. ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವನು ಮತ್ತೆ ನೋಡಿದ. ಏಳನೆಯ ದಿನವೂ ಯಾರೂ ಬರೆದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವನೂ ಬೇರೆ ಬೇರೆ ಊರಿನ ಐದಾರು ಜನರೂ ಸೇರಿ, ಕಣ್ಣು ಕಾಣದವರಿಗೆ ಕಂಪ್ಯೂಟರಿನ ಪರದೆ ಓದಿ ಹೇಳುವ ತಂತ್ರಾಂಶವೊಂದನ್ನು ಕಟ್ಟಿದ್ದರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ತಿದ್ದಬಹುದು, ಬಿಡಿಗಾಸು ಕೊಡಬೇಕಿಲ್ಲ. ಅದರ ದನಿ ಅವನ ಅಕ್ಕನದು. ಇಪ್ಪತ್ತರಲ್ಲೇ ದೃಷ್ಟಿ ಕಳೆದುಕೊಂಡ ಅಕ್ಕ, ಹೊರಗಿನ ಸದ್ದು ಬಾರದಂತೆ ಕಿಟಕಿಗೆಲ್ಲ ಕಂಬಳಿ ಕಟ್ಟಿದ ಕೋಣೆಯಲ್ಲಿ ಬೆವರು ಸುರಿಸುತ್ತ, ಎರಡು ತಿಂಗಳು ಅವನು ಹೇಳಿಕೊಟ್ಟ ಪದಗಳನ್ನೆಲ್ಲ ಮೈಕಿಗೆ ಹೇಳಿದ್ದಳು. 'ಇಲ್ಲ' ಅನ್ನುವಾಗ ಅವಳ ಗಂಟಲು ಸ್ವಲ್ಪ ಒಡೆಯುತ್ತಿತ್ತು. ಅದನ್ನು ತಿದ್ದಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಹೋದ ವರ್ಷ ಮೊದಲ ಸಲ ಒಂದು ದತ್ತಿಯವರು ಸಹಾಯಧನ ಕೊಟ್ಟರು. ಬಳಸುವವರಿಂದ ಬಂದು ರಾಶಿ ಬಿದ್ದ ದೂರುಗಳನ್ನು ಸರಿಮಾಡಲು ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕೆಂದು ಅವನ ಆಸೆ. ಅಷ್ಟರಲ್ಲಿ, ಹಣವನ್ನೆಲ್ಲ ಹೊಸ ದನಿಗೆ ಹಾಕೋಣ ಎಂಬ ಖಜಾಂಚಿಯ ಪತ್ರ ಗುಂಪಿಗೆ ಬಂತು. ಏಳು ದಿನದೊಳಗೆ ಯಾರೂ ಬೇಡವೆನ್ನದಿದ್ದರೆ ಒಪ್ಪಿದಂತೆ, ಅದು ಗುಂಪಿನ ನಿಯಮ. ಯಾರೂ ಉತ್ತರಿಸದೆ ಕೆಲಸ ನಿಲ್ಲುತ್ತದೆಂದು ಆ ನಿಯಮ ಬರೆದವನು ಅವನೇ! ಆ ವಾರ ಅವನು ಒಬ್ಬ ಮೇಷ್ಟರ ದೂರಿಗೆ ತಲೆ ಕೊಟ್ಟು ಕೂತಿದ್ದ. ಅಂಕಪಟ್ಟಿ ಓದುವಾಗ ತಂತ್ರಾಂಶ ದಶಾಂಶದ ಚುಕ್ಕಿಯನ್ನು ನುಂಗಿಬಿಡುತ್ತಿತ್ತು. ಚುಕ್ಕಿ ಸರಿಹೋಗಿ ಅವನು ಗುಂಪಿನ ಪತ್ರ ತೆರೆದಾಗ ಎಂಟನೆಯ ದಿನ.

ಖಜಾಂಚಿಗೆ ಫೋನ್ ಮಾಡಿದ. "ಅಲ್ರೀ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ವಲ್ಲ ಸಾರ್, ಪತ್ರದಲ್ಲಿ. ನೀವು ಸುಮ್ಮನಿದ್ರಿ. ನಿಮ್ಮದೇ ನಿಯಮ."

ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು. ಹೊಸ ದನಿ ಸಿದ್ಧವಾಗಲು ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ಅವನು ಹಲ್ಲು ಕಚ್ಚಿಕೊಂಡು ದೂರು ತಿದ್ದುತ್ತಲೇ ಇದ್ದ. ಬಿಡುಗಡೆಯ ಪತ್ರದಲ್ಲಿ ಅಕ್ಕನ ಬಗ್ಗೆ ಒಂದು ಸಾಲೂ ಇಲ್ಲದ್ದನ್ನು ಕಂಡಾಗ ಮಾತ್ರ ಸಿಟ್ಟು ನೆತ್ತಿಗೇರಿತು. 'ನಾನು ಈ ಕೆಲಸ ಬಿಡುತ್ತಿದ್ದೇನೆ. ಏಳು ದಿನದೊಳಗೆ ಯಾರೂ ಬೇಡವೆನ್ನದಿದ್ದರೆ ಒಪ್ಪಿದಂತೆ' ಎಂದು ಬರೆದು ಕಳಿಸಿದ. ಬೇಡ ಅನ್ನಲಿ ಎಂದೇ ಬರೆದದ್ದು, ಅದರಲ್ಲಿ ಮುಚ್ಚುಮರೆ ಏನು? 'ಎಲ್ಲಿಗ್ರೀ ಹೋಗ್ತೀರಿ, ಸುಮ್ನಿರಿ' ಎಂದು ಒಬ್ಬರಾದರೂ ಗದರಲಿ ಎಂದು ಹಂಬಲಿಸಿದ.

ಸಂಜೆ ಮನೆಯ ಬಾಗಿಲು ತೆಗೆದಾಗ ಒಳಗೆ ಯಾರೋ ಗುರುತಿಲ್ಲದ ಹೆಂಗಸು ಪತ್ರಿಕೆ ಓದುತ್ತಿದ್ದಳು. ಅಕ್ಕ ತಮ್ಮ ಇಬ್ಬರೇ ಇರುವ ಮನೆ ಅದು. ಹಜಾರದಲ್ಲಿ ಅಕ್ಕ ತನ್ನ ಕಂಪ್ಯೂಟರಿನ ಮುಂದೆ ಮುಖ ಅರಳಿಸಿಕೊಂಡು ಕೂತಿದ್ದಳು.

"ಬಂದ್ಯೇನೋ? ಹೊಸ ಹುಡುಗಿ ಓದೋದು ಕೇಳು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ."

"ನಿನ್ನ ದನಿ ಹೋಯ್ತಲ್ಲಕ್ಕ."

"ಹೋದ್ರೆ ಹೋಗ್ಲಿ ಬಿಡೋ. ನೀನು ಅಂಗಡಿಗೆ ಹೋದ್ರೆ ದಿನವಿಡೀ ನನ್ನ ದನಿ ನಾನೇ ಕೇಳ್ಕೊಂಡು ಕೂತಿರ್ತಿದ್ದೆ. ಈಗ ಮನೇಲಿ ಇನ್ನೊಬ್ರು ಇದ್ದ ಹಾಗಿದೆ."

ಅವನು ಕೋಣೆಗೆ ಹೋಗಿ ತನ್ನ ಕಂಪ್ಯೂಟರ್ ಹಾಕಿದ. ಅವನಿಗೆ ಕಣ್ಣು ಕಾಣುತ್ತಿದ್ದರೂ ಅವನದೂ ಮಾತಾಡುತ್ತಿತ್ತು. ಹನ್ನೊಂದು ವರ್ಷದ ಅಭ್ಯಾಸ.

"ಹೊಸ ಪತ್ರ ಇಲ್ಲ." ಗಂಟಲು ಅದೇ ಜಾಗದಲ್ಲಿ ಒಡೆಯಿತು.

ಹಜಾರದಲ್ಲಿ ಹೊಸ ಹುಡುಗಿ ನಾಳೆಯ ಹವಾಮಾನ ಓದುತ್ತಿದ್ದಳು. ಅಕ್ಕ ನಡುನಡುವೆ "ಹೌದಾ?" ಅನ್ನುತ್ತಿದ್ದಳು.

"ಹೊಸ ಆವೃತ್ತಿ ಬಂದಿದೆ. ಹಾಕಲೇ?"

ಅವನು 'ಬೇಡ' ಒತ್ತಿದ.

"ಆಗಲಿ. ನಾಳೆ ಮತ್ತೆ ಕೇಳುತ್ತೇನೆ," ಎಂದಿತು ಅಕ್ಕನ ಹಳೆಯ ದನಿ.