ಕಲ್ಲಿನ ಮೇಲಿನ ಎಡಗೈ

"ಲೇ ಎವಾಸಿಯೊ, ತೆಗಿಯೋ ಕೈ! ಕಲ್ಲು ತಿಕ್ಕೋನಿಗೆ ಮುಂದಿನ ಹೆಗಲು ಬೇಕಂತೆ! ನಿಮ್ಮಪ್ಪ ಪೆಟ್ಟಿಗೆಯೊಳಗೇ ಮಗ್ಗುಲು ಬದಲಾಯಿಸಿಯಾನು."

ಅಚ್ಚಿನ ಮನೆಯ ಚೆಲ್ಸೊ ಮೇಸ್ತ್ರಿ ಹೀಗೆಂದಾಗ ಕೋಣೆ ತುಂಬ ಜನ. ಶವಪೆಟ್ಟಿಗೆಗೆ ಚಾಚಿದ್ದ ಕೈಯನ್ನು ಎವಾಸಿಯೊ ಹಿಂದಕ್ಕೆಳೆದುಕೊಂಡ. ಯಾರೋ ಮೂಗಿನಲ್ಲೇ ನಕ್ಕರು.

ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚೊತ್ತುವ ಟ್ಯೂರಿನ್ನಿನ ಆ ಕಲ್ಲಚ್ಚಿನ ಮನೆಯಲ್ಲಿ ಹಳೆಯ ಕಟ್ಟಳೆಯೊಂದಿತ್ತು. ಚಿತ್ರ ಬರೆಯುವವನು ಸತ್ತರೆ, ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟವನಿಗೇ ಅವನ ಕುರ್ಚಿ. ಎವಾಸಿಯೊನ ಅಪ್ಪ ಗೌದೆನ್ಸಿಯೊನ ಕುರ್ಚಿಯೆಂದರೆ ಸಾಮಾನ್ಯವೇ? ಮೂಕಿ ಚಿತ್ರಗಳ ಪೋಸ್ಟರುಗಳಿಗೆ ಪ್ರೇಮಿಗಳ ಮುಖ ಬರೆಯುವವರು ಬೇರೆ, ಅಕ್ಷರ ಬರೆಯುವವರು ಬೇರೆ. ಕೈಗಳನ್ನು ಮಾತ್ರ ಅವನೇ ಬರೆಯಬೇಕು. ಸೊಂಟ ಬಳಸಿದ ಕೈ, ಕೆನ್ನೆ ಸವರುವ ಕೈ, ಬಿಟ್ಟುಹೋಗುವವನ ಕೋಟು ಹಿಡಿದ ಕೈ. ಮಗನಿಗೆ ಮಾತ್ರ ಅವನು ಚಿತ್ರ ಬರೆಯುವ ಮೇಣದ ಕಡ್ಡಿ ಮುಟ್ಟಗೊಡಲಿಲ್ಲ. ಅಚ್ಚು ಮುಗಿದ ಕಲ್ಲನ್ನು ಮರಳು ನೀರು ಹಾಕಿ ತಿಕ್ಕಿ, ಚಿತ್ರ ಅಳಿಸಿ, ಮತ್ತೆ ಬೋಳು ಮಾಡುವುದೇ ಎವಾಸಿಯೊನ ಕೆಲಸ. ಆ ಕುರ್ಚಿಯ ಮೇಲೆ ಅವನು ಮೀಸೆ ಮೂಡುವ ಮೊದಲೇ ಆಸೆಯಿಟ್ಟಿದ್ದ.

ಅಚ್ಚಿನ ಮನೆಯವರು ಗೌರವಕ್ಕೆಂದು ತಂದ, ಸತ್ತವನೇ ಕೈ ಬರೆದ ಪೋಸ್ಟರನ್ನು ಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದರು. ಕೆಂಪು ಪರದೆ, ಕಪ್ಪು ಕೋಟಿನ ನಾಯಕ. ಅವನ ಹಿಡಿತದಲ್ಲಿ ನಾಯಕಿಯ ಬಲ ಮಣಿಕಟ್ಟು, ಗಾಳಿಗೆ ಬಾಗಿದ ಹೂದಂಟಿನಂತೆ.

"ಆ ಬಾಗು ನೋಡ್ರೇ, ಮೈ ಝುಮ್ ಅನ್ನುತ್ತೆ!" ಎಂದಳು ಪಕ್ಕದ ಮನೆಯ ಪಿಯೆರಿನಾ. "ಒತ್ತಾವಿಯಾ, ನಿನ್ನನ್ನೇ ಕೂರಿಸ್ಕೊಂಡು ಬರೆದದ್ದಂತಲ್ಲೇ? ಪುಣ್ಯವಂತೆ ಕಣೇ ನೀನು. ನನ್ನ ಗಂಡ ನನ್ನ ಕೈ ನೋಡೋದು ಊಟದ ತಟ್ಟೆ ಬರೋದು ತಡವಾದಾಗ ಮಾತ್ರ."

ಹೆಂಗಸರು ನಕ್ಕರು. ಸತ್ತವನ ಹೆಂಡತಿ ಒತ್ತಾವಿಯಾ ನಗಲಿಲ್ಲ. ಜಪಮಾಲೆ ಹಿಡಿದ ಎಡಗೈಯ ಅಂಗಿತೋಳನ್ನು ಬೆರಳವರೆಗೂ ಎಳೆದುಕೊಂಡಳು.

*

ಆ ಪೋಸ್ಟರು ಬರೆದ ಚಳಿಗಾಲ ಎವಾಸಿಯೊನ ಅವ್ವ ಮೆಟ್ಟಿಲಿಂದ ಜಾರಿ ಬಿದ್ದಿದ್ದಳು. ಹಾಗೆಂದೇ ಹೇಳಿದ್ದಳು. ಎಡ ಮಣಿಕಟ್ಟು ಸೊಟ್ಟಗಾಗಿತ್ತು. ಅಪ್ಪ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಆ ಕೈಯನ್ನೇ ದಿನಗಟ್ಟಲೆ ಬರೆದ. "ಅಲ್ಲಾಡಬೇಡ" ಎಂದದ್ದು ಬಿಟ್ಟರೆ ಮಾತಿಲ್ಲ. ಬಾಗಿಲ ಸಂದಿಯಿಂದ ನೋಡಿದ ಎವಾಸಿಯೊ, ಗಂಡಸೊಬ್ಬ ಹೆಂಗಸಿನ ಕೈಯನ್ನು ಇಷ್ಟು ಹೊತ್ತು ನೋಡುತ್ತಾನೆಂದರೆ ಪ್ರೀತಿಯೆಂಬುದು ಇದೇ ಇರಬೇಕು ಅಂದುಕೊಂಡಿದ್ದ.

*

ಕಲ್ಲಿನ ಮೇಲೆ ಬರೆದ ಎಡಗೈ ಕಾಗದಕ್ಕೆ ಬಂದಾಗ ಬಲಗೈಯಾಗುತ್ತದೆ. ವರ್ಷಗಟ್ಟಲೆ ಕಲ್ಲು ತಿಕ್ಕಿದವನ ಕಣ್ಣು ಗೋಡೆಯ ಪೋಸ್ಟರನ್ನು ತಾನಾಗಿಯೇ ತಿರುಗಿಸಿತು. ಎಡಗೈ. ಹೂದಂಟಲ್ಲ, ಮುರಿದ ಮೂಳೆ. ನಾಯಕನ ನಾಲ್ಕು ಬೆರಳು ಒತ್ತಿದ ಜಾಗದಲ್ಲೇ ಅವ್ವನ ಕೈಮೇಲೆ ಆ ಚಳಿಗಾಲ ನಾಲ್ಕು ನೀಲಿ ಬರೆಗಳಿದ್ದವು.

ಮೆಟ್ಟಿಲಿಗೆ ಬೆರಳಿರುತ್ತದೆಯೇ?

"ಮೇಸ್ತ್ರಿ," ಎಂದ ಎವಾಸಿಯೊ. "ಇದು ಅವ್ವನ ಎಡಗೈ. ನಿಮಗೆ ಗೊತ್ತಿತ್ತಾ?"

ಚೆಲ್ಸೊ ಹತ್ತಿರ ಬಂದು ದನಿ ತಗ್ಗಿಸಿದ. "ಕಲ್ಲಿನ ಮುಂದೆ ಕೂತೋರಿಗೆ ಉಲ್ಟಾ ಓದೋಕೆ ಬರಲ್ವೇನೋ? ಎಲ್ರಿಗೂ ಗೊತ್ತಿತ್ತು. ಆದ್ರೆ ಗೆರೆ ನೋಡು, ಎಂಥಾ ಗೆರೆ! ಊರಿಗೆ ಊರೇ ಇದನ್ನ ನೋಡೋಕೆ ನಿಂತಿತ್ತು."

ಅಚ್ಚಿನ ಮನೆಯವರೆಲ್ಲ ತಮ್ಮ ತಮ್ಮ ವೈನಿನ ಲೋಟದೊಳಗೆ ಇಣುಕುತ್ತಿದ್ದರು.

"ಸಾವಿನ ಮನೇಲಿ ರಂಪ ಬೇಡ ಮಗಾ," ಮೇಸ್ತ್ರಿ ಅವನ ಬೆನ್ನು ಸವರಿದ. "ಬಾ, ಮುಂದಿನ ಹೆಗಲು ನೀನೇ ಕೊಡು. ಕುರ್ಚೀನೂ ನಿಂದೇ. ನಿಮ್ಮಪ್ಪನ ಕೈಯೇ ನಿಂಗೂ ಬಂದಿದೆ."

ಎವಾಸಿಯೊ ತಾಯಿಯತ್ತ ಕೈ ಚಾಚಿದ. "ಏಳವ್ವಾ."

ಒತ್ತಾವಿಯಾ ತಲೆ ಎತ್ತುವ ಮೊದಲೇ ಅವಳ ಎಡಗೈ ಸರಕ್ಕನೆ ಎದೆಗೆ ಸರಿದುಕೊಂಡಿತು. ಚಾಚಿದ್ದು ಯಾರೆಂದು ಅವಳು ನೋಡಿದ್ದು ಆಮೇಲೆ.

"ಏನಂತೀಯೋ?" ಮೇಸ್ತ್ರಿ ಅವಸರಪಡಿಸಿದ. "ಕೆಳಗೆ ಪಾದ್ರಿ ಕಾಯ್ತಿದ್ದಾರೆ."

ಎವಾಸಿಯೊ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ. ದಾರಿ ಬಿಟ್ಟವರ ನಡುವೆ ಹಾದು, ಬಾಗಿಲನ್ನು ಭುಜದಿಂದ ತಳ್ಳಿ, ಪೆಟ್ಟಿಗೆಗೆ ಹೆಗಲು ಕೊಡದೆ ಮೆಟ್ಟಿಲಿಳಿದು ಹೋದ.